ಅಂಚಿಗೆ ಕತ್ತರಿ ಹಾಕಬೇಡಿ

ಮಳೆ ಕಳೆಯುತ್ತಿದ್ದಂತೆ ಶಿರಸಿ, ಸಿದ್ದಾಪುರ, ಕುಮಟಾ ಕಡೆಯಿಂದ ನನಗೆ ಕರೆ ಬರುತ್ತದೆ: "ಅಟ್ಟದ ಮೇಲೆ ಅಜ್ಜನ ಪುಸ್ತಕ ಇದ್ದು, ಒಂದ್ಸಲ ಬಂದು ನೋಡ್ತ್ರಾ?" ಹಳೆಯ ಪುಸ್ತಕ ದುರಸ್ತಿ ನನ್ನ ಕಸುಬು.

ಪೆಟ್ಟಿಗೆ ತೆರೆದರೆ ಎಷ್ಟೋ ಸಲ ಮೊದಲು ಕೈಗೆ ಸಿಗುವುದು ಮರಾಠಿ ಕಾದಂಬರಿ. ಮನೆಯವರಿಗೆ ಆಶ್ಚರ್ಯ, ನನಗಿಲ್ಲ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಪುಸ್ತಕಗಳೂ ಅದೇ ದಾರಿ ಹಿಡಿದು ಬಂದವು. ಆ ತಲೆಮಾರಿನ ಬರಹಗಾರರಿಗೆ ನೆರೆಭಾಷೆಯ ಓದೇ ಗರಡಿಮನೆ. ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಮರಾಠಿಯಿಂದ ತಂದರು. ಅವರಿಗೂ ಮೊದಲೇ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ಇಳಿಸಿದ್ದರು.

ಆ ಓದು ಹೇಗಿತ್ತೆಂದು ತಿಳಿಯಲು ಪುಟದ ಅಂಚು ನೋಡಬೇಕು. ಈಚೆಗೆ ನನ್ನ ಮೇಜಿಗೆ ಬಂದ ಕಾದಂಬರಿಯ ಮೊದಲ ಪುಟಗಳಲ್ಲಿ ಕಠಿಣ ಪದಗಳಿಗೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ. ಐವತ್ತನೆಯ ಪುಟದ ಹೊತ್ತಿಗೆ ಅರ್ಥ ನಿಂತು, ಇಡೀ ವಾಕ್ಯವೇ ಕನ್ನಡದಲ್ಲಿ. ಒಂದು ಕಡೆ ಅದೇ ಸಾಲನ್ನು ಮೂರು ಸಲ ಬರೆದು ಎರಡನ್ನು ಹೊಡೆದುಹಾಕಿದ್ದಾರೆ. ಪಕ್ಕದಲ್ಲೇ ಚಿಮಣಿ ಎಣ್ಣೆಯ ಕಲೆ. ಇದು ಹೊತ್ತು ಕಳೆಯುವ ಓದಲ್ಲ. ಓದುತ್ತ ಓದುತ್ತಲೇ ಒಬ್ಬರು ಬರೆಯಲು ಕಲಿಯುತ್ತಿದ್ದಾರೆ.

ಕೆಲವು ಇಂಗ್ಲಿಷ್ ಪುಸ್ತಕಗಳು ಹಾಳೆಯ ಮಡಿಕೆ ಸೀಳದೆಯೇ ಬರುತ್ತಿದ್ದವು, ಓದುವವರೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಮಡಿಕೆ ಎಲ್ಲಿಯವರೆಗೆ ಸೀಳಿದೆಯೋ ಓದು ಅಲ್ಲಿಯವರೆಗೆ. ಅಂಥವು ಸಿಕ್ಕರೆ ನೀವು ಸೀಳಬೇಡಿ.

ಆಗಿನ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು. ನಮ್ಮ ಶೀತಕ್ಕೆ, ಸೆಕೆಗೆ ಬೇಗ ಕಂದುತ್ತದೆ, ಮಡಿಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗುತ್ತದೆ. ಗೀಟುಗಳನ್ನು ರಬ್ಬರಿನಿಂದ ಅಳಿಸಲೇಬೇಡಿ. ಬೈಂಡಿಂಗಿಗೆ ಕೊಡುವ ಮೊದಲು ಬರಹವಿರುವ ಪುಟಗಳ ಫೋಟೊ ತೆಗೆದಿಡಿ, 'ಅಂಚು ಕತ್ತರಿಸಬಾರದು' ಎಂದು ಚೀಟಿ ಬರೆದು ಒಳಗಿಡಿ. ನಾನು ಕೆಲಸ ಕಲಿಯುತ್ತಿದ್ದಾಗ ಹೀಗೆ ಹೇಳಲು ಮರೆತೆ. ಅಂಗಡಿಯವರು ನೀಟಾಗಲೆಂದು ಮೂರೂ ಬದಿ ಕತ್ತರಿಸಿ ಕೊಟ್ಟರು. ಪ್ರತಿ ಟಿಪ್ಪಣಿಯ ಕೊನೆಯ ಎರಡು ಅಕ್ಷರ ಹೋಗಿತ್ತು. ಇಂದಿಗೂ ಅದು ನನ್ನನ್ನು ಕಾಡುತ್ತದೆ.

ಆ ಮರಾಠಿ ಕಾದಂಬರಿಗೆ ಹೊಲಿಗೆ ಬಿಗಿಮಾಡಿ ಹೊಸ ರಟ್ಟು ಹಾಕಿದ್ದೇನೆ. ವಾಪಸು ಕೊಡುವಾಗ ಹೊಡೆದುಹಾಕದೆ ಉಳಿಸಿದ ಆ ಮೂರನೆಯ ಸಾಲನ್ನು ಮನೆಯವರಿಗೆ ಓದಿ ಹೇಳಿದೆ. ಅಜ್ಜ ಬರೆಯುತ್ತಿದ್ದರೆಂಬುದೇ ಅವರಿಗೆ ಗೊತ್ತಿರಲಿಲ್ಲ.