ಗೋಂದು, ರಾಳ, ಮೇಣ, ಸೊನೆ: ಕಾರಿನ ಮೇಲೆ ಬಿದ್ದಿದ್ದು ಯಾವುದು?

ಮರದಿಂದ ಕಾರಿನ ಮೇಲೆ ಏನೇ ಬೀಳಲಿ, ಶಿವಮೊಗ್ಗದಲ್ಲಿ ಈಗ ಎಲ್ಲದಕ್ಕೂ ಒಂದೇ ಹೆಸರು: ಗೋಂದು. ಹಲಸಿನ ಮರದ ಕೆಳಗೆ ನಿಲ್ಲಿಸಿದರೂ ಗೋಂದು, ಮಾವಿನ ಕೆಳಗೂ ಗೋಂದು, ಧೂಪದ ಮರದ ಕೆಳಗೂ ಗೋಂದು. ಮೊನ್ನೆ ಮತ್ತೊಬ್ಬರು "ಎಷ್ಟು ನೀರು ಹಾಕಿ ತಿಕ್ಕಿದರೂ ಗೋಂದು ಹೋಗ್ತಾ ಇಲ್ಲ" ಎಂದು ಬಾನೆಟ್ ತೋರಿಸಿದರು. ಅಂಟು ಹಾಗೇ ಇತ್ತು, ಅದರ ಸುತ್ತ ಪಾತ್ರೆ ತಿಕ್ಕುವ ನಾರಿನ ಗೀರುಗಳು ಬಿಸಿಲಿಗೆ ಸುತ್ತು ಸುತ್ತಾಗಿ ಹೊಳೆಯುತ್ತಿದ್ದವು. ನೀರಿಗೆ ಹೋಗುತ್ತಿಲ್ಲ ಎಂದರೆ ಅದು ಗೋಂದಲ್ಲ. ಅಷ್ಟು ಗೊತ್ತಿದ್ದರೆ ಆ ಬಣ್ಣ ಉಳಿಯುತ್ತಿತ್ತು.

ಗೋಂದು ನೀರಿನ ಜೊತೆ ಹೊಂದಿಕೊಳ್ಳುವ ವಸ್ತು. ಜಾಲಿ, ನುಗ್ಗೆ, ಗೇರು ಮರಗಳ ತೊಗಟೆ ಒಡೆದಲ್ಲಿ ಗಟ್ಟಿಯಾಗಿ ಕೂತಿರುತ್ತದಲ್ಲ, ಅದು. ಸಕ್ಕರೆಯ ಜಾತಿಗೇ ಸೇರಿದ ಉದ್ದುದ್ದ ಸರಪಳಿಗಳು. ನೀರಲ್ಲಿ ಉಬ್ಬುತ್ತದೆ ಇಲ್ಲವೇ ಕರಗುತ್ತದೆ, ಸ್ಪಿರಿಟ್‌ಗೆ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಬಾಣಂತಿಗೆ ಮಾಡುವ ಅಂಟಿನುಂಡೆಗೆ ತುಪ್ಪದಲ್ಲಿ ಹುರಿದು ಹಾಕುವುದೂ ಈ ಜಾತಿಯದ್ದೇ. ಕಾರಿನ ಮೇಲೆ ಬಿದ್ದರೆ ಒದ್ದೆ ಬಟ್ಟೆ ಹಾಸಿ, ನೆನೆಯಲು ಬಿಟ್ಟು, ಒರೆಸಿದರೆ ಮುಗಿಯಿತು. ಏನು ಬಿದ್ದಿದೆ ಗೊತ್ತಿಲ್ಲದಿದ್ದರೆ ದಯವಿಟ್ಟು ಸುಮ್ನೆ "ಅಂಟು" ಎನ್ನಿ. ಎಲ್ಲಕ್ಕೂ ಹೊಂದುವ ಪದ ಅದು, ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ರಾಳ ಇದಕ್ಕೆ ಪೂರ್ತಿ ಉಲ್ಟಾ. ಸಾಲುಧೂಪ, ರಾಳಧೂಪ, ಹಾಲ್ಮಡ್ಡಿ ಇವೆಲ್ಲ ನಮ್ಮ ಘಟ್ಟದ ಕಾಡಿನವೇ. ಕೆಂಡದ ಮೇಲೆ ಹಾಕಿದರೆ ಘಮ್ಮೆಂದು ಹೊಗೆಯಾಡುವುದು ರಾಳ. ನೀರು ಅದಕ್ಕೆ ತಾಗುವುದೇ ಇಲ್ಲ. ಬಿಸಿಲಿಗೆ ಕಾದು ಗಾಜಿನ ಮಣಿಯಂತೆ ಗಟ್ಟಿಯಾದ ಮೇಲೆ ಉಗುರಿನಲ್ಲಿ ಕೆರೆದರೆ ಬಣ್ಣದ ಮೇಲಿನ ಕ್ಲಿಯರ್ ಕೋಟ್ ಕೂಡ ಎದ್ದು ಬರಬಹುದು. ಆ ಪದರ ತಲೆಗೂದಲಿನಷ್ಟೂ ದಪ್ಪವಿಲ್ಲ. ಇದಕ್ಕೆ ಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್, ಇಲ್ಲಿ ಸ್ಪಿರಿಟ್ ಎನ್ನುತ್ತಿರುವುದು ಇದನ್ನೇ. ಮೆತ್ತನೆಯ ಬಟ್ಟೆಗೆ ಹಾಕಿ, ಅಂಟಿನ ಮೇಲೆ ಅರ್ಧ ನಿಮಿಷ ಸುಮ್ಮನೆ ಒತ್ತಿ ಹಿಡಿಯಿರಿ. ತಿಕ್ಕಬೇಡಿ. ಮಣಿಯ ಅಂಚು ಮೊದಲು ಮೆತ್ತಗಾಗಿ ಬಟ್ಟೆಗೆ ಹಳದಿಯಾಗಿ ಇಳಿಯುತ್ತದೆ. ಬಟ್ಟೆಯ ಬೇರೆ ಮಗ್ಗುಲು ತಿರುಗಿಸಿ ಮತ್ತೆ ಒತ್ತಿ. ಎರಡು ಮೂರು ಸಲಕ್ಕೆ ಬಿಡುತ್ತದೆ, ಆಮೇಲೆ ಆ ಜಾಗ ತೊಳೆಯಿರಿ.

ಮೇಣ ಎಂದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ಹಲಸಿನದ್ದು. ಹಣ್ಣನ್ನು ಡಿಕ್ಕಿಗೆ ಹಾಕುವಾಗ ತೊಟ್ಟು ಅಂಚಿಗೆ ತಾಗುತ್ತದೆ. ಆಗ ಅದು ಬಿಳಿ ಹಾಲು, ಸ್ವಲ್ಪ ಹೊತ್ತಿಗೆ ಎಳೆ ಎಳೆ, ಮರುದಿನಕ್ಕೆ ಧೂಳು ಮೆತ್ತಿಕೊಂಡ ಕಂದು ಚುಕ್ಕೆ. ನೀರು ಹಾಕಿದರೆ ಇನ್ನೂ ಹಟ ಮಾಡುತ್ತದೆ. ಹಣ್ಣು ಬಿಡಿಸುವ ಮೊದಲು ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತು, ಆದರೆ ಅದೇ ಎಣ್ಣೆ ಕಾರಿನ ಮೇಲಿನ ಮೇಣಕ್ಕೂ ನಡೆಯುತ್ತದೆ ಎಂದು ಯಾಕೋ ಯಾರಿಗೂ ಹೊಳೆಯುವುದಿಲ್ಲ. ಎಣ್ಣೆ ಹಚ್ಚಿ, ಕಾಯಿರಿ, ಬೆರಳಲ್ಲಿ ಉರುಳಿಸಿ ತೆಗೆಯಿರಿ. ಹಳೆಯದಾಗಿದ್ದರೆ ಸೀಮೆಎಣ್ಣೆ ಒಂದೆರಡು ಹನಿ, ಬಾನೆಟ್ ತಣ್ಣಗಿರುವಾಗ ಮಾತ್ರ. ಆಮೇಲೆ ಶಾಂಪೂ ಹಾಕಿ ಜಿಡ್ಡು ತೊಳೆಯಲೇಬೇಕು. ಕಾರಿಗೆ ಹೊಳಪಿಗೆಂದು ಹಚ್ಚುವ ವ್ಯಾಕ್ಸ್‌ಗೂ ಮೇಣ ಎನ್ನುತ್ತೇವೆ, ಅದು ಬೇರೆ. ಸ್ಪಿರಿಟ್, ಸೀಮೆಎಣ್ಣೆ ಬಿದ್ದ ಜಾಗದಲ್ಲಿ ಆ ವ್ಯಾಕ್ಸ್ ಹೋಗಿರುತ್ತದೆ, ಮತ್ತೆ ಹಚ್ಚಿ.

ಈಗ ಸೊನೆ. ಇದನ್ನು "ಸೋನೆ" ಎಂದು ಬರೆಯುವವರು ಜಾಸ್ತಿಯಾಗಿದ್ದಾರೆ. ಸೋನೆ ಎಂದರೆ ಜಿಟಿಜಿಟಿ ಮಳೆ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಹಿಡಿಯುತ್ತದಲ್ಲ, ಅದು. ಸೊನೆ ಎಂದರೆ ಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ರಸ. ಮಲೆನಾಡಿನವರಾಗಿ ಇವೆರಡನ್ನು ಬೆರೆಸಬಾರದು. ಅಪ್ಪೆಮಿಡಿಯ ಜೀವವೇ ಸೊನೆಯಲ್ಲಿದೆ. ರಿಪ್ಪನ್‌ಪೇಟೆ, ಸಾಗರದ ಕಡೆ ಮಿಡಿಯನ್ನು ತೊಟ್ಟು ಸಮೇತ ಕೊಯ್ಯುವುದು ಸೊನೆ ಸೋರಿ ಹೋಗದಿರಲಿ ಎಂದು, ಉಪ್ಪಿನಕಾಯಿಯ ಘಮ ಅದರಿಂದಲೇ. ಈ ಸೊನೆಯಲ್ಲಿ ನೀರಿನ ಭಾಗವೂ ಇದೆ, ಎಣ್ಣೆಯಂಥ ಭಾಗವೂ ಇದೆ. ಹಣ್ಣಿನ ಸಿಪ್ಪೆಯನ್ನು ಕಪ್ಪಾಗಿ ಸುಡುವುದು ಎಣ್ಣೆಯ ಭಾಗ. ಕೆಲವರ ತುಟಿಯೂ ಸುಡುತ್ತದೆ. ಹಾಗಾಗಿ ಕಾರಿನ ಮೇಲೆ ಬಿದ್ದರೆ ಭಾನುವಾರ ನೋಡೋಣ ಎನ್ನಬೇಡಿ. ಅವತ್ತೇ ಶಾಂಪೂ ನೀರು, ಉಳಿದ ಕಲೆಗೆ ಸ್ಪಿರಿಟ್.

ಆದರೆ ಮಾವು ಹೂ ಬಿಡುವ ಕಾಲದಲ್ಲಿ, ಕಾಯಿಯೇ ಇಲ್ಲದಾಗ, "ಸೊನೆ ಬಿದ್ದಿದೆ" ಎನ್ನುತ್ತಾರಲ್ಲ, ಅದನ್ನು ಕೇಳಿದರೆ ತಾಳ್ಮೆ ಹೋಗುತ್ತದೆ. ತೊಟ್ಟು ಮುರಿಯದೆ ಸೊನೆ ಎಲ್ಲಿಂದ ಬರಬೇಕು? ಗಾಜು, ಟಾಪು, ಬಾಗಿಲು ಎಲ್ಲ ಕಡೆ ಸಾಸಿವೆಗಿಂತ ಸಣ್ಣ ಹನಿಗಳು ಒಂದೇ ಸಮ ಎರಚಿದ್ದರೆ ಅದು ಮರದ ರಸವೇ ಅಲ್ಲ. ಜಿಗಿಹುಳುವಿನ ಕೆಲಸ ಅದು. ಹೂಗೊಂಚಲಿನ ರಸ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟು ನೀರಾಗಿ ಹೊರಗೆ ಬಿಡುತ್ತದೆ. ಮಾವಿನ ಎಲೆಯ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುವುದೂ ಈ ಸಕ್ಕರೆಯ ಮೇಲೆ. ಕೆಳಗಿನ ಎಲೆಗಳು ಮಿರಮಿರ ಮಿಂಚುತ್ತಾ ಕೈಗೆ ಅಂಟಿದರೆ ಅನುಮಾನವೇ ಬೇಡ. ಇದಕ್ಕೆ ಪೆಟ್ರೋಲ್ ಹಾಕಿ ಒರೆಸುವವರಿದ್ದಾರೆ. ಸಕ್ಕರೆ ಪೆಟ್ರೋಲಿನಲ್ಲಿ ಕರಗುತ್ತದಾ? ಉಗುರು ಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಇಷ್ಟೇ. ವಾಟರ್ ಸರ್ವಿಸ್‌ಗೆ ಕೊಡುವ ಅಗತ್ಯವೂ ಇಲ್ಲ.

ಯಾವ ಅಂಟಿಗೂ ಬೇಡದ್ದು ಎರಡಿವೆ. ಒಂದು ಥಿನ್ನರ್. ಅಪಘಾತವಾಗಿ ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಹೊಡೆಸಿದ ಬಾಗಿಲಿದ್ದರೆ ಅಂಟಿನ ಜೊತೆ ಬಣ್ಣವೂ ಬಟ್ಟೆಗೆ ಬಂದೀತು. ಅಲ್ಲಿ ಸ್ಪಿರಿಟ್ ಕೂಡ ಕಾಣದ ಮೂಲೆಯಲ್ಲಿ ನೋಡಿಯೇ ಹಾಕಿ. ಇನ್ನೊಂದು ಬ್ಲೇಡು. ಮುಂದಿನ ಗಾಜಿನ ಮೇಲೆ ಮಾತ್ರ, ಒದ್ದೆ ಮಾಡಿ, ಓರೆ ಹಿಡಿದು ಬ್ಲೇಡಿನಲ್ಲಿ ತೆಗೆಯಬಹುದು. ಹೆಡ್‌ಲೈಟಿನ ಮೇಲೆ ಬೇಡ, ಈಗಿನ ಕಾರುಗಳಲ್ಲಿ ಅದು ಗಾಜಲ್ಲ, ಪ್ಲಾಸ್ಟಿಕ್.