ಬುಟ್ಟಿಯ ಮರುವಾಯಿಗೆ ಪರೀಕ್ಷೆ ಯಾರು ಮಾಡುತ್ತಾರೆ?

ಮರುವಾಯಿ, ಅಂದರೆ ಅಳಿವೆಯ ಕೆಸರಲ್ಲಿ ಸಿಗುವ ಎರಡು ಚಿಪ್ಪಿನ ಜೀವಿ, ಮನೆಗೆ ಬಂದರೆ ನಮ್ಮ ಕರಾವಳಿಯಲ್ಲಿ ಮೊದಲು ಅದನ್ನು ಉಪ್ಪುನೀರಲ್ಲಿ ಹಾಕಿಡುತ್ತಾರೆ. ಚಿಪ್ಪು ಮೆಲ್ಲಗೆ ಬಾಯಿ ಬಿಡುತ್ತದೆ, ಒಳಗಿನ ಮರಳು ಹೊರಗೆ ಬರುತ್ತದೆ. ಬೆರಳು ತಾಗಿಸಿದಾಗ ಪಟ್ಟಂತ ಮುಚ್ಚಿಕೊಂಡರೆ ಜೀವ ಇದೆ, ಚೆನ್ನಾಗಿದೆ ಅಂತ ಲೆಕ್ಕ. ಮುಚ್ಚದಿದ್ದರೆ ಬಿಸಾಡುವುದು. ಆಮೇಲೆ ಕತ್ತಿಗೆ ಹಿಡಿದು ಬಿಡಿಸಿ, ತೆಂಗಿನಕಾಯಿ ಹಾಕಿ ಸುಕ್ಕ ಮಾಡುವುದು, ಇಲ್ಲವೇ ಅಕ್ಕಿ ಉಂಡೆಯ ಪುಂಡಿ ಜೊತೆ ಬೇಯಿಸುವುದು. ಕೆಟ್ಟ ಮರುವಾಯಿ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಆದರೆ ಒಂದು ಬಗೆಯ ವಿಷ ಮಾತ್ರ ಇದಕ್ಕೆ ಸಿಗುವುದೇ ಇಲ್ಲ.

1983ರಲ್ಲಿ ಕುಂಬಳೆ ಹತ್ತಿರದ ಆರಿಕ್ಕಾಡಿಯಲ್ಲಿ ಹಾಗೇ ಆಯಿತು. ಅಳಿವೆಯಲ್ಲಿ ಹೆಕ್ಕಿದ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯ ಕರುಣಾಸಾಗರ್ ಮತ್ತು ಸಂಗಡಿಗರು ಇದರ ಬೆನ್ನು ಹತ್ತಿದರು. ಇದು ನರಗಳನ್ನು ಮರಗಟ್ಟಿಸುವ ‘ಪಿಎಸ್‌ಪಿ’ ಎಂಬ ಚಿಪ್ಪುಮೀನು ವಿಷ ಅಂತ 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ನಮ್ಮ ದೇಶಕ್ಕೆ ಇದು ಮೊದಲನೆಯದೂ ಅಲ್ಲ. 1981ರಲ್ಲಿ ತಮಿಳುನಾಡಿನಲ್ಲಿ ಹಲವರು ಆಸ್ಪತ್ರೆ ಸೇರಿ ಮೂವರು ಸತ್ತಿದ್ದರು.

ವಿಷ ಮರುವಾಯಿಯದ್ದಲ್ಲ, ಅದು ತಿನ್ನುವ ಪಾಚಿಯದ್ದು. ಮರುವಾಯಿ, ಪಚ್ಚಿಲೆ (ಮಸಲ್), ಕಲ್ವ (ಆಯ್ಸ್ಟರ್) ಎಲ್ಲವೂ ನೀರನ್ನು ಸೋಸಿ, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿ ತಿಂದೇ ಬದುಕುತ್ತವೆ. ಆ ಪಾಚಿಗಳಲ್ಲಿ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ತಯಾರಿಸುತ್ತವೆ. ಅಂಥ ಪಾಚಿ ಜಾಸ್ತಿಯಾದಾಗ ವಿಷ ಚಿಪ್ಪಿನೊಳಗೆ ಕೂಡುತ್ತಾ ಹೋಗುತ್ತದೆ. ಮರುವಾಯಿಗೆ ಏನೂ ಆಗುವುದಿಲ್ಲ, ಮುಟ್ಟಿದರೆ ಎಂದಿನಂತೆ ಮುಚ್ಚಿಕೊಳ್ಳುತ್ತದೆ. ರುಚಿ, ವಾಸನೆ ಯಾವುದೂ ಬದಲಾಗುವುದಿಲ್ಲ. ಕುದಿಸಿದರೂ ವಿಷ ಹೋಗುವುದಿಲ್ಲ. ನೀರು ಕೆಂಪಾದರೆ ಮಾತ್ರ ಅಪಾಯ ಎಂಬ ನಂಬಿಕೆಯೂ ತಪ್ಪು. ನೀರಿನ ಬಣ್ಣ ಬದಲಾಗದೆಯೂ ವಿಷ ಏರಬಹುದು.

ತಿಂದವರಿಗೆ ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಆಮೇಲೆ ಬೆರಳ ತುದಿ. ವಿಷ ಜಾಸ್ತಿ ಹೋಗಿದ್ದರೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಇದಕ್ಕೆ ಮದ್ದಿಲ್ಲ. ಆದರೆ ವೆಂಟಿಲೇಟರ್‌ನಲ್ಲಿ ಉಸಿರು ಕೊಟ್ಟು ಮೊದಲ ದಿನ ದಾಟಿಸಿದರೆ ಸಾಮಾನ್ಯವಾಗಿ ಬದುಕುತ್ತಾರೆ. ಹಾಗಾಗಿ ತುಟಿ ಜುಮ್ಮೆಂದ ತಕ್ಷಣ ಹೊರಡಬೇಕು, ಮರುವಾಯಿ ತಿಂದದ್ದನ್ನು ಡಾಕ್ಟರಿಗೆ ಮೊದಲು ಹೇಳಬೇಕು.

ಇದು ಹಳೆಯ ಕಥೆ. 1793ರಲ್ಲಿ ವ್ಯಾಂಕೂವರ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಕೆನಡಾದ ಪಶ್ಚಿಮ ತೀರದ ನಕ್ಷೆ ಮಾಡುತ್ತಿದ್ದ. ಅವನ ಜೊತೆಯ ನಾವಿಕ ಜಾನ್ ಕಾರ್ಟರ್ ಬೆಳಗ್ಗೆ ಪಚ್ಚಿಲೆ ತಿಂದು ಮಧ್ಯಾಹ್ನ ಸತ್ತ. ಆ ಜಾಗಕ್ಕೆ ಇವತ್ತಿಗೂ ‘ಪಾಯ್ಸನ್ ಕೋವ್’ ಎಂದೇ ಹೆಸರು. ಆದರೆ ಪರೀಕ್ಷೆ ಅಂತ ಶುರುವಾಗಲು ಇನ್ನೂ ಎಷ್ಟೋ ಸಾವು ಬೇಕಾದವು. 1927ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 102 ಜನ ಕಾಯಿಲೆ ಬಿದ್ದು ಆರು ಮಂದಿ ಸತ್ತ ಮೇಲೆಯೇ ಹರ್ಮನ್ ಸೋಮರ್ ಮತ್ತು ಜೊತೆಗಾರರು ಕಾರಣ ಹುಡುಕಿ ಹೊರಟದ್ದು. ಹತ್ತು ವರ್ಷದ ನಂತರ ಅದು ಪಾಚಿಯದ್ದೇ ಕೆಲಸ ಅಂತ ತೋರಿಸಿಕೊಟ್ಟರು. ಚಿಪ್ಪಿನ ಮಾಂಸದ ರಸವನ್ನು ಇಲಿಗೆ ಚುಚ್ಚಿ, ಅದು ಎಷ್ಟು ಹೊತ್ತಿಗೆ ಸಾಯುತ್ತದೆ ಎಂದು ನೋಡಿ ವಿಷ ಅಳೆಯುವ ಪದ್ಧತಿಯೂ ಆಗ ಬಂತು. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ದಾಟಬಾರದು ಎಂಬ ಮಿತಿ ಈಗಲೂ ಚಾಲ್ತಿಯಲ್ಲಿದೆ.

1987ರ ಕೊನೆಗೆ ಕೆನಡಾದಲ್ಲಿ ಆದದ್ದು ನನ್ನನ್ನು ಬಹಳ ಕಾಡುತ್ತದೆ. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಸಾಕಿದ ಪಚ್ಚಿಲೆ ತಿಂದ ನೂರಕ್ಕೂ ಹೆಚ್ಚು ಜನರಿಗೆ ವಾಂತಿ, ಭೇದಿ. ಜೊತೆಗೆ ಕೆಲವರಿಗೆ ನೆನಪೇ ಹೋಯಿತು. ಮೂವರು ತೀರಿಕೊಂಡರು. ಬದುಕಿದ ಕೆಲವರಿಗೆ ಹೊಸದೇನೂ ನೆನಪಲ್ಲಿ ನಿಲ್ಲದ ಸ್ಥಿತಿ ಹಾಗೇ ಉಳಿಯಿತು. ಹ್ಯಾಲಿಫ್ಯಾಕ್ಸ್‌ನ ಲ್ಯಾಬಿನವರು ಹಗಲು ರಾತ್ರಿ ಕೂತು ಕೆಲವೇ ದಿನಗಳಲ್ಲಿ ವಿಷ ಪತ್ತೆ ಮಾಡಿದರು. ಡೊಮೊಯಿಕ್ ಆಮ್ಲ! ಜಪಾನಿನಲ್ಲಿ ಇದೇ ವಸ್ತುವಿರುವ ಕಡಲಕಳೆಯನ್ನು ಜಂತುಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು. ಅದು ಹೀಗೆ ಕೊಲ್ಲಬಹುದು ಅಂತ ಯಾರೂ ಎಣಿಸಿರಲಿಲ್ಲ. ಕೆನಡಾ ಇದಕ್ಕೂ ಒಂದು ಮಿತಿ ಹಾಕಿತು: ಕಿಲೋಗೆ 20 ಮಿಲಿಗ್ರಾಂ. ಪಚ್ಚಿಲೆ ಸಾಕುವ ನೀರನ್ನು, ಮಾಂಸವನ್ನು ಬಿಡದೆ ಪರೀಕ್ಷಿಸತೊಡಗಿತು. ಮಿತಿ ದಾಟಿದರೆ ಆ ಜಾಗದಲ್ಲಿ ಕೊಯ್ಲು ಬಂದ್.

ನಮ್ಮಲ್ಲಿ? 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದು ಏಳು ಜನ ಸತ್ತರು, 500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಈಗ ಆಹಾರ ಸುರಕ್ಷತೆಯ ನಿಯಮದಲ್ಲಿ ಈ ವಿಷಗಳಿಗೂ ಮಿತಿ ಬರೆದಿದೆ. ಯುರೋಪಿಗೆ ಚಿಪ್ಪುಮೀನು ಕಳಿಸಬೇಕಾದರೆ ಅದನ್ನು ಹೆಕ್ಕುವ ನೀರಿನ ಮೇಲೆಯೇ ಕಣ್ಣಿಟ್ಟಿರಬೇಕು. ಅಂದರೆ ಹೊರದೇಶದ ತಟ್ಟೆಗೆ ಕಾವಲಿದೆ. ಬೆಳಗ್ಗೆ ಸೊಂಟದ ತನಕ ನೀರಿಗಿಳಿದು, ಕಾಲಲ್ಲಿ ತಡವಿ ಹೆಕ್ಕಿ, ನೂರಕ್ಕೆ ಇಷ್ಟು ಅಂತ ಎಣಿಸಿ ಕೊಡುವ ಅಕ್ಕನ ಬುಟ್ಟಿಗೆ ಯಾವ ಲ್ಯಾಬಿನ ಚೀಟಿಯೂ ಇಲ್ಲ. ತಪ್ಪು ಅವಳದ್ದಲ್ಲ. ಉಳಿದದ್ದನ್ನು ಅವಳ ಮಕ್ಕಳೇ ತಿನ್ನುವುದು ಅಲ್ವಾ?

ಮಂಗಳೂರು ಕಡಲಿನ ಕೆಸರಲ್ಲಿ ಪಿಎಸ್‌ಪಿ ವಿಷದ ಪಾಚಿಗಳ ಬೀಜದಂಥ ಕೋಶಗಳು ಸಿಕ್ಕಿವೆ ಅಂತ ಅದೇ ಮೀನುಗಾರಿಕೆ ಕಾಲೇಜಿನವರು ಸ್ವೀಡನ್ನಿನ ಸಂಶೋಧಕರ ಜೊತೆ ಸೇರಿ 1990ರ ದಶಕದಲ್ಲೇ ಬರೆದಿದ್ದಾರೆ. ಅವು ತಳದಲ್ಲಿ ಸುಮ್ನೆ ಮಲಗಿರುತ್ತವೆ. ನೀರು ಹದವಾದಾಗ ಮೊಳೆತು ಮೇಲೆ ಬರುತ್ತವೆ. ಅದನ್ನು ಮೊದಲೇ ತಿಳಿಯಲು ಸಣ್ಣ ಕಣ್ಣಿನ ಬಲೆ, ಮೈಕ್ರೋಸ್ಕೋಪ್ ಮತ್ತು ವಾರಕ್ಕೊಮ್ಮೆ ಅಳಿವೆಗೆ ಹೋಗಿ ಒಂದು ಬಾಟಲಿ ನೀರು, ಒಂದು ಹಿಡಿ ಮರುವಾಯಿ ತರುವ ಒಬ್ಬರು ಬೇಕು.