ಅರ್ಜಿಯಲ್ಲಿ ಕೊರತೆ ಬರೆದುಕೊಂಡರೆ ಪ್ರಶಸ್ತಿ ತಪ್ಪುತ್ತದೆಯೇ?

ಪ್ರಶ್ನೆ: ನಮ್ಮದು ಎಂಟು ವರ್ಷದ ಚಿಕ್ಕ ಸೇವಾ ಸಂಸ್ಥೆ. ಸಂಬಳಕ್ಕಿರುವವರು ನಾಲ್ಕೇ ಜನ. ಹಣದ ಜೊತೆ ಒಂದು ವರ್ಷ ತಜ್ಞರ ಮಾರ್ಗದರ್ಶನವನ್ನೂ ಕೊಡುವ ಪ್ರಶಸ್ತಿಯೊಂದಕ್ಕೆ ಅರ್ಜಿ ಹಾಕುತ್ತಿದ್ದೇವೆ. ಅದರಲ್ಲಿ 'ನಿಮ್ಮ ಸಂಸ್ಥೆಯ ಮುಂದಿರುವ ಸವಾಲುಗಳೇನು?' ಎಂಬ ಕಾಲಂ ಇದೆ. ಅಲ್ಲಿ ಇದ್ದದ್ದು ಇದ್ದ ಹಾಗೆ ಬರೆದರೆ ಆಯ್ಕೆಯಾಗುವುದಿಲ್ಲ ಎನ್ನುತ್ತಾರೆ ನಮ್ಮ ಟ್ರಸ್ಟಿಗಳು. ಏನು ಬರೆಯುವುದು?

ಉತ್ತರ: ಇದ್ದದ್ದನ್ನೇ ಬರೆಯಿರಿ. ಈ ಉತ್ತರವನ್ನು ಇಷ್ಟರಲ್ಲೇ ಮುಗಿಸಿ ನೋಡಿದ್ದೂ ಆಯಿತು, ಒಂದು ಪುಟ ಬರೆದು ನೋಡಿದ್ದೂ ಆಯಿತು. ಅರ್ಜಿಗಳ ಕಾಲ ಬಂತೆಂದರೆ ಪ್ರಶ್ನೆ ಮತ್ತೆ ಹಾಜರು. ಹಾಗಾಗಿ ಈ ಸಲ ಬೇರಿನಿಂದಲೇ ಅಗೆಯೋಣ.

ಹಣ ಮತ್ತು ತಜ್ಞರ ನೆರವು ಎರಡನ್ನೂ ಕೊಡುವ ಪ್ರಶಸ್ತಿಗಳಲ್ಲಿ ಎರಡು ಜಾತಿ. ಒಂದು, ಆಗಲೇ ಮಾಡಿ ತೋರಿಸಿದ ಕೆಲಸವನ್ನು ಗುರುತಿಸುವಂಥದ್ದು. ಬ್ರಿಟನ್ನಿನಲ್ಲಿ ಔಷಧ ಕಂಪನಿ ಜಿಎಸ್‌ಕೆ, ಆರೋಗ್ಯ ಕ್ಷೇತ್ರದ ಅಧ್ಯಯನ ಸಂಸ್ಥೆಯಾದ ಕಿಂಗ್ಸ್ ಫಂಡ್ ಜೊತೆ ಸೇರಿ 1997ರಿಂದ ನಡೆಸುತ್ತಿರುವ ಇಂಪ್ಯಾಕ್ಟ್ ಪ್ರಶಸ್ತಿ ಈ ಜಾತಿಯದು. ಆರೋಗ್ಯಕ್ಕೆ ಸಂಬಂಧಿಸಿದ ಕೆಲಸ ಮಾಡುತ್ತಿರುವ, ಕನಿಷ್ಠ ಮೂರು ವರ್ಷ ಹಳೆಯ ಸಂಸ್ಥೆಗಳಿಗೆ ಷರತ್ತಿಲ್ಲದ, ಅಂದರೆ ಯಾವ ಕೆಲಸಕ್ಕಾದರೂ ಬಳಸಬಹುದಾದ ಹಣ ಸಿಗುತ್ತದೆ, ಅದರ ಜೊತೆ ಮುಖ್ಯಸ್ಥರಿಗೆ ನಾಯಕತ್ವದ ತರಬೇತಿ. ಇನ್ನೊಂದು, ಮುಂದೆ ಆಗಬೇಕಾದ ಬದಲಾವಣೆಗೆ ಕೈಹಿಡಿಯುವಂಥದ್ದು. ಬ್ರಿಟನ್ನಿನದೇ ದಾನಸಂಸ್ಥೆ ಗಾರ್ಫೀಲ್ಡ್ ವೆಸ್ಟನ್ ಫೌಂಡೇಶನ್ನು ಪೈಲಟ್‌ಲೈಟ್ ಎಂಬ ಸಂಸ್ಥೆಯ ಜೊತೆ 2014ರಲ್ಲಿ ಆರಂಭಿಸಿದ ವೆಸ್ಟನ್ ಚಾರಿಟಿ ಅವಾರ್ಡ್ಸ್ ಇದಕ್ಕೆ ಉದಾಹರಣೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಸಿಗುತ್ತಿದ್ದ ಹಣ 6,500 ಪೌಂಡ್. ನಿಜವಾದ ಬಹುಮಾನ ಅದಲ್ಲ. ಉದ್ಯಮ ನಡೆಸಿ ಪಳಗಿದವರ ಒಂದು ಚಿಕ್ಕ ತಂಡ ತಿಂಗಳು ತಿಂಗಳೂ ನಿಮ್ಮ ಮುಂದೆ ಕೂತು ಪ್ರಶ್ನೆ ಕೇಳುವುದು. ಮೊದಲ ಜಾತಿಯಲ್ಲೇ ನಿಮ್ಮ ಕೊರತೆ ಮರೆಮಾಚಿ ಲಾಭವಿಲ್ಲ. ಎರಡನೆಯದರಲ್ಲಂತೂ ಮರೆಮಾಚಿದರೆ ಅರ್ಜಿಗೆ ಅರ್ಥವೇ ಉಳಿಯುವುದಿಲ್ಲ.

ಹಾಗಾದರೆ ಟ್ರಸ್ಟಿಗಳಿಗೆ ಈ ಭಯ ಎಲ್ಲಿಂದ ಬಂತು? ಅವರನ್ನು ದೂರಿ ಪ್ರಯೋಜನವಿಲ್ಲ. ಚಿಕ್ಕ ಸಂಸ್ಥೆಗಳು ಅರ್ಜಿ ಬರೆಯಲು ಕಲಿಯುವುದು ಪ್ರಾಜೆಕ್ಟ್ ಅನುದಾನಗಳಲ್ಲಿ. ಅಲ್ಲಿ ದಾನಿ ಒಂದು ಕೆಲಸಕ್ಕೆ ಹಣ ಕೊಡುತ್ತಾನೆ: ಇಷ್ಟು ಮಕ್ಕಳಿಗೆ ಇಷ್ಟು ತಿಂಗಳು ಪಾಠ, ಇಷ್ಟು ಶಿಬಿರ. 'ನಮ್ಮಲ್ಲಿ ಲೆಕ್ಕ ನೋಡುವವರಿಲ್ಲ' ಎಂದು ಅಲ್ಲಿ ಬರೆದರೆ, ಹಣಕ್ಕೆ ಅಪಾಯವಿದೆ ಎಂದೇ ಆತ ಓದಿಕೊಳ್ಳುತ್ತಾನೆ. ವರ್ಷಗಟ್ಟಲೆ ಅಂಥ ಅರ್ಜಿ ಬರೆದ ಕೈ, ಸವಾಲು ಎಂಬ ಪದ ಕಂಡೊಡನೆ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ಇಲ್ಲಿ ಕೊಡುವವರು ಹಣ ಹಾಕುತ್ತಿರುವುದು ಒಂದು ಶಿಬಿರಕ್ಕಲ್ಲ, ಸಂಸ್ಥೆಯ ಮೇಲೆ. ಏನೂ ತೊಂದರೆ ಇಲ್ಲ ಎನ್ನುವವರಿಗೆ ತಜ್ಞರನ್ನು ಕಳಿಸಿ ಅವರೇನು ಮಾಡಬೇಕು?

ಇನ್ನು, ಮುಚ್ಚಿಟ್ಟರೆ ಮುಚ್ಚಿಯೇ ಇರುತ್ತದೆ ಎಂಬ ನಂಬಿಕೆ. ಅರ್ಜಿ ಹೋದ ಮೇಲೆ ಏನಾಗುತ್ತದೆ ನೋಡಿ. ಮೊದಲ ಸುತ್ತಿನಲ್ಲಿ ಯಾರೂ ನಿಮ್ಮ ಕಥೆ ಓದುವುದಿಲ್ಲ. ನೋಂದಣಿ, ವಯಸ್ಸು, ವಾರ್ಷಿಕ ಆದಾಯ, ಕೆಲಸದ ಕ್ಷೇತ್ರ ಇವು ನಿಯಮಕ್ಕೆ ಹೊಂದುತ್ತವೆಯೇ ಎಂದಷ್ಟೇ ನೋಡುತ್ತಾರೆ. ಇಲ್ಲೇ ಉದುರುವವರು ಬಹಳ. ('ಚಿಕ್ಕ ಸಂಸ್ಥೆ' ಎನ್ನುವುದು ಅವರವರ ಅಳತೆ. ಅಮೆರಿಕದ ದಾನಿ ಮೆಕೆಂಜಿ ಸ್ಕಾಟ್ ಅವರ ದಾನಸಂಸ್ಥೆ ಯೀಲ್ಡ್ ಗಿವಿಂಗ್ 2023ರಲ್ಲಿ ಅರ್ಜಿ ಕರೆದಾಗ ವರ್ಷಕ್ಕೆ 10 ಲಕ್ಷದಿಂದ 50 ಲಕ್ಷ ಡಾಲರ್ ಬಜೆಟ್ ಇರುವವರಿಗೆ ಮಾತ್ರ ಅವಕಾಶವಿತ್ತು.) ದಾಟಿದವರ ಕಡತದಲ್ಲಿ ಮುಂದೆ ತೆರೆಯುವುದು ಆಡಿಟ್ ಆದ ಲೆಕ್ಕಪತ್ರ. ಅನುಭವವಿರುವ ಮೌಲ್ಯಮಾಪಕರು ಬ್ಯಾಲೆನ್ಸ್ ಶೀಟ್ ಮೊದಲು ಓದುತ್ತಾರೆ, ನಿಮ್ಮ ಬರವಣಿಗೆ ಆಮೇಲೆ.

ಅಲ್ಲಿ ಅವರು ಹಾಕುವ ಮೊದಲ ಲೆಕ್ಕ ಇದು. ವರ್ಷದ ಖರ್ಚು 36 ಲಕ್ಷ ಎಂದುಕೊಳ್ಳಿ, ತಿಂಗಳಿಗೆ 3 ಲಕ್ಷ. ಬ್ಯಾಂಕಿನಲ್ಲಿ 11 ಲಕ್ಷ ಕಾಣುತ್ತದೆ. ಅದರಲ್ಲಿ ಆರೂವರೆ ಲಕ್ಷ ಪ್ರಾಜೆಕ್ಟ್‌ಗಾಗಿ ಮುಂಗಡ ಬಂದದ್ದು, ಬೇರೆಯದಕ್ಕೆ ಮುಟ್ಟುವಂತಿಲ್ಲ. ಉಳಿದದ್ದು ನಾಲ್ಕೂವರೆ ಲಕ್ಷ. ಅಂದರೆ ನಾಳೆ ಅನುದಾನ ನಿಂತರೆ ಸಂಸ್ಥೆಗೆ ಒಂದೂವರೆ ತಿಂಗಳ ಉಸಿರು. 'ನಮ್ಮ ಕಾಯ್ದಿಟ್ಟ ನಿಧಿ 11 ಲಕ್ಷ' ಎಂದು ನೀವು ಬರೆದಿದ್ದರೆ, ಓದಿದವರಿಗೆ ಎರಡರಲ್ಲೊಂದು ಖಾತ್ರಿಯಾಗುತ್ತದೆ: ಒಂದೋ ಇವರಿಗೆ ತಮ್ಮ ಲೆಕ್ಕ ತಿಳಿಯದು, ಇಲ್ಲವೇ ತಿಳಿದೂ ಮುಚ್ಚಿಡುತ್ತಿದ್ದಾರೆ. ಕಟ್ಟಡ, ವಾಹನ ಎಲ್ಲ ಕೂಡಿಸಿ ನಿಧಿ ಎಂದು ತೋರಿಸುವವರೂ ಇದ್ದಾರೆ. ಕಟ್ಟಡದ ಗೋಡೆ ಕಿತ್ತು ಸಂಬಳ ಕೊಡಲಾಗುವುದಿಲ್ಲ, ಅದನ್ನೂ ಕಳೆಯಬೇಕು.

ಎರಡನೆಯ ಲೆಕ್ಕ ಆದಾಯದ ಮೂಲಗಳದು. ಮೂರು ವರ್ಷದ ಲೆಕ್ಕಪತ್ರ ಪಕ್ಕಪಕ್ಕ ಇಟ್ಟರೆ ಒಬ್ಬನೇ ದಾನಿಯ ಪಾಲು ಎಷ್ಟು, ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೂರನೆಯದು ಸಹಿಗಳು. ಅರ್ಜಿ, ಬಜೆಟ್, ವಾರ್ಷಿಕ ವರದಿ, ಬ್ಯಾಂಕ್ ಪತ್ರ ಎಲ್ಲದರ ಕೆಳಗೂ ಒಂದೇ ಹೆಸರಿದ್ದರೆ, ಸಂಸ್ಥೆ ಒಬ್ಬರ ಹೆಗಲ ಮೇಲೆ ನಿಂತಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಇಷ್ಟೆಲ್ಲ ನೋಡಿ ಮುಗಿಸಿದ ಮನುಷ್ಯ ನಿಮ್ಮ 'ಸವಾಲುಗಳು' ಕಾಲಂಗೆ ಬರುತ್ತಾನೆ. ಅಲ್ಲಿ 'ಅಂಥ ಗಂಭೀರ ಸವಾಲುಗಳೇನಿಲ್ಲ' ಎಂದಿದ್ದರೆ ಅವನು ಯಾವುದನ್ನು ನಂಬಬೇಕು?

ಎಲ್ಲರಿಗಿಂತ ದೊಡ್ಡ ನಷ್ಟ ಆಗುವುದು ಮುಚ್ಚಿಟ್ಟೂ ಗೆದ್ದವರಿಗೆ. ತಜ್ಞರನ್ನು ಹೊಂದಿಸುವುದು ಈ ಕಾಲಂ ನೋಡಿಯೇ. ನಿಜವಾದ ತೊಂದರೆ ಸ್ಥಾಪಕರು ಬಿಟ್ಟರೆ ಇನ್ನೊಬ್ಬರಿಗೆ ದಾನಿಗಳ ಪರಿಚಯವೇ ಇಲ್ಲದಿರುವುದು ಎಂದಿಟ್ಟುಕೊಳ್ಳಿ. ಅದನ್ನು ಬರೆಯಲು ಮುಜುಗರವಾಗಿ 'ಪ್ರಚಾರ ಸಾಲದು, ವೆಬ್‌ಸೈಟ್ ಹಳೆಯದಾಗಿದೆ' ಎಂದು ಬರೆದಿರಿ. ಪ್ರಚಾರದ ಪರಿಣತರೇ ಬರುತ್ತಾರೆ. ಮೊದಲ ಮೂರು ತಿಂಗಳು ಲೋಗೋ, ಬಣ್ಣ, ಫೋಟೊ. ನಾಲ್ಕನೇ ಸಭೆಯಲ್ಲಿ ಯಾರೋ 'ಹೊಸ ದಾನಿ ಫೋನ್ ಮಾಡಿದರೆ ಮಾತಾಡುವವರು ಯಾರು?' ಎಂದು ಕೇಳುತ್ತಾರೆ. ಆಗ ನಿಜ ಹೊರಬೀಳುತ್ತದೆ. ಅಷ್ಟರಲ್ಲಿ ವರ್ಷದ ಮೂರನೆಯ ಒಂದು ಪಾಲು ಹೋಗಿರುತ್ತದೆ, ಆ ವಿಷಯ ಬಲ್ಲವರು ಬೇರೆ ಸಂಸ್ಥೆಯ ಪಾಲಾಗಿರುತ್ತಾರೆ.

ಈಗ ಹೇಗೆ ಬರೆಯುವುದು. ಹೆಚ್ಚಿನವರು ಬರೆಯುವ ಸಾಲು ಇಂಥದ್ದು:

'ನಮ್ಮ ಸಂಸ್ಥೆಯು ಸಂಪನ್ಮೂಲ ಕ್ರೋಡೀಕರಣದಲ್ಲಿ ಕೆಲವು ಸವಾಲುಗಳನ್ನು ಎದುರಿಸುತ್ತಿದ್ದು, ಸಾಮರ್ಥ್ಯವರ್ಧನೆಯ ಅಗತ್ಯವಿರುತ್ತದೆ.'

ಇದರಲ್ಲಿ ಸುಳ್ಳಿಲ್ಲ. ಏನೂ ಇಲ್ಲ. ಸಂಸ್ಥೆಯ ಹೆಸರು ಬದಲಿಸಿದರೆ ಯಾರ ಅರ್ಜಿಗೂ ಹೊಂದುತ್ತದೆ. ಅದನ್ನೇ ಹೀಗೆ ಬರೆಯಬಹುದು:

'ನಮ್ಮ ವರ್ಷದ ಆದಾಯದಲ್ಲಿ ಶೇ. 70 ಒಂದೇ ಫೌಂಡೇಶನ್‌ನಿಂದ ಬರುತ್ತಿದೆ. ಆ ಒಪ್ಪಂದ ಇನ್ನು 14 ತಿಂಗಳಿಗೆ ಮುಗಿಯುತ್ತದೆ. ಕಳೆದ ವರ್ಷ ಆರು ಕಡೆ ಅರ್ಜಿ ಹಾಕಿದೆವು, ಒಂದು ಸಿಕ್ಕಿತು. ಅರ್ಜಿ, ವರದಿ, ದಾನಿಗಳ ಜೊತೆ ಮಾತುಕತೆ ಮೂರನ್ನೂ ನಿರ್ದೇಶಕಿಯೊಬ್ಬರೇ ನೋಡಿಕೊಳ್ಳುತ್ತಾರೆ. ವಾರದಲ್ಲಿ ಎರಡು ದಿನ ಇದಕ್ಕೇ ಹೋಗುತ್ತದೆ. ಚಿಕ್ಕ ದಾನಿಗಳಿಂದ ತಿಂಗಳು ತಿಂಗಳು ಹಣ ಬರುವಂತೆ ಮಾಡಬೇಕೆಂದಿದ್ದೇವೆ. ಅದಕ್ಕೆ ಮೊದಲ ವರ್ಷ ಎಷ್ಟು ಖರ್ಚು ಹಾಕಬೇಕು, ಯಾರಿಂದ ಶುರು ಮಾಡಬೇಕು ಎಂಬಲ್ಲಿ ನಮಗೆ ನೆರವು ಬೇಕು.'

ಕೊರತೆಯೇನು, ಅದರ ಅಳತೆಯೆಷ್ಟು, ನೀವೇ ಏನು ಮಾಡಿ ನೋಡಿದಿರಿ, ಎಲ್ಲಿ ಸಿಕ್ಕಿಕೊಂಡಿರಿ — ನಾಲ್ಕೂ ಬಂದಿವೆ. ಮೂರನೆಯದನ್ನು ಬಿಡುವವರೇ ಜಾಸ್ತಿ. ಪ್ರಯತ್ನ ಮಾಡಿ ಸೋತದ್ದನ್ನು ಹೇಳಿಕೊಳ್ಳಲು ನಾಚಿಕೆ. ಆರರಲ್ಲಿ ಒಂದು ಸಿಕ್ಕಿತು ಎನ್ನುವುದು ಕೆಲಸ ಮಾಡುವವರು ಆಡುವ ಮಾತು. ಕೈಕಟ್ಟಿ ಕೂತವರಿಗೆ ಇಂಥ ಅಂಕಿ ಇರುವುದಿಲ್ಲ. ಹಾಗೆಂದು ಎಂಟು ಕೊರತೆ ಪಟ್ಟಿ ಮಾಡಬೇಡಿ. ಒಂದು, ಹೆಚ್ಚೆಂದರೆ ಎರಡು. ಎಂಟು ಬರೆದರೆ ಯಾವುದು ಮುಖ್ಯ ಎಂದು ನಿಮಗೇ ಗೊತ್ತಿಲ್ಲ ಎಂದಾಗುತ್ತದೆ.

ಒಂದು ಎಚ್ಚರಿಕೆ. ನಿಜ ಬರೆಯಿರಿ ಎಂದರೆ ಎಲ್ಲ ತೊಂದರೆಗೂ ಪ್ರಶಸ್ತಿ ಮದ್ದು ಎಂದಲ್ಲ. ವಾರ್ಷಿಕ ಲೆಕ್ಕ ಸಲ್ಲಿಸಿಲ್ಲ, ಎರಡು ತಿಂಗಳ ಸಂಬಳ ಬಾಕಿ, ಟ್ರಸ್ಟಿಗಳ ನಡುವೆ ಜಗಳ ನಡೆದಿದೆ, ಟ್ರಸ್ಟಿಯ ಸಂಬಂಧಿಗೇ ಬಾಡಿಗೆ ಹೋಗುತ್ತಿದ್ದು ಅದು ನಡಾವಳಿ ಪುಸ್ತಕದಲ್ಲಿಲ್ಲ: ಇಂಥವು ಮೊದಲು ಮನೆಯಲ್ಲೇ ಸರಿಹೋಗಬೇಕು. ಬೆಂಕಿ ಬಿದ್ದ ಮನೆಗೆ ಬಣ್ಣದ ಸಲಹೆ ಕೇಳಿದ ಹಾಗಾಗುತ್ತದೆ. ಆ ವರ್ಷ ಅರ್ಜಿ ಬಿಟ್ಟುಬಿಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ ಲೆಕ್ಕ ತಡವಾದರೆ, ಸೇವಾ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್ನಿನ ಸಾರ್ವಜನಿಕ ಪಟ್ಟಿಯಲ್ಲೇ ಕಾಣುತ್ತದೆ, ಅರ್ಜಿ ತೆರೆಯುವ ಮುಂಚೆಯೇ ವಿಷಯ ತಿಳಿದಿರುತ್ತದೆ.

ಇನ್ನು ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ: ಗೆದ್ದರೆ ಆ ಸಭೆಗಳಲ್ಲಿ ಕೂರುವವರು ಯಾರು? ನೆರವು ಪುಕ್ಕಟೆ ಎಂದ ಮಾತ್ರಕ್ಕೆ ಅದಕ್ಕೆ ಖರ್ಚಿಲ್ಲ ಎಂದಲ್ಲ. ತಿಂಗಳಿಗೊಂದು ಮೂರು ಗಂಟೆಯ ಸಭೆ ಎಂದರೆ ಹತ್ತು ಸಭೆಗೆ ಮೂವತ್ತು ಗಂಟೆ. ಪ್ರತಿ ಸಭೆಗೆ ಅಂಕಿಅಂಶ ಹೊಂದಿಸುವುದು, ಒಪ್ಪಿಕೊಂಡ ಕೆಲಸ ಮುಗಿಸುವುದು, ಟ್ರಸ್ಟಿಗಳಿಗೆ ವಿವರಿಸುವುದು, ಇವಕ್ಕೆ ಅದರ ಮೇಲೆ ಇನ್ನೂ ಮೂರರಷ್ಟು. ಒಟ್ಟು ನೂರಿಪ್ಪತ್ತು ಗಂಟೆ, ಹೆಚ್ಚುಕಡಿಮೆ ಮೂರು ವಾರದ ಪೂರ್ತಿ ದುಡಿಮೆ, ಅದೂ ಸಂಸ್ಥೆಯಲ್ಲಿ ಬಿಡುವೇ ಇಲ್ಲದ ಮನುಷ್ಯನದು. ವೆಸ್ಟನ್ ಪ್ರಶಸ್ತಿಗೆ ಮುಖ್ಯಸ್ಥರ ಸ್ಥಾನದಲ್ಲಿ ಪೂರ್ಣಾವಧಿ ಸಂಬಳದ ಒಬ್ಬರಾದರೂ ಇರಬೇಕೆಂಬ ನಿಯಮವಿದೆ. ಸ್ವಯಂಸೇವಕರೇ ನಡೆಸುವ ಸಂಸ್ಥೆಗಳು ಇದನ್ನು ಅನ್ಯಾಯ ಎನ್ನುತ್ತವೆ. ನನಗೆ ಅದರಲ್ಲಿ ಅರ್ಥ ಕಾಣುತ್ತದೆ: ಸಲಹೆ ಕೇಳಿಸಿಕೊಂಡವರೇ ಮರುದಿನ ಅದನ್ನು ಕಾರ್ಯಕ್ಕಿಳಿಸುವವರೂ ಆಗಿರದಿದ್ದರೆ ಸಲಹೆ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಅಲ್ಲೇ ಉಳಿದದ್ದೂ ಉಂಟು.

ಆದ್ದರಿಂದ ನಾಲ್ಕು ಜನರಿರುವ ನಿಮ್ಮಲ್ಲಿ ಈ ನೂರಿಪ್ಪತ್ತು ಗಂಟೆ ಯಾರದ್ದು, ಅವರ ಕೈಯಿಂದ ಯಾವ ಕೆಲಸ ತೆಗೆದು ಯಾರಿಗೆ ಕೊಡುತ್ತೀರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಬರುವ ಹಣ ಷರತ್ತಿಲ್ಲದ್ದಾದರೆ ಅದರಲ್ಲಿ ಒಂದು ಪಾಲನ್ನು ಇದಕ್ಕೇ ಎತ್ತಿಡಬಹುದು. ಷರತ್ತಿಲ್ಲದ ಹಣದ ಅನುಕೂಲವೇ ಅದು, ಅರ್ಧ ದಿನದ ಸಹಾಯಕರನ್ನು ಇಟ್ಟುಕೊಂಡರೂ ಯಾರೂ ಕೇಳುವುದಿಲ್ಲ. ಮೊದಲ ಸಭೆಯಲ್ಲೂ ಕೊನೆಯ ಸಭೆಯಲ್ಲೂ ಒಬ್ಬ ಟ್ರಸ್ಟಿ ಇರಲಿ. ಇಲ್ಲದಿದ್ದರೆ ಹತ್ತು ತಿಂಗಳು ಕೂತು ಮಾಡಿದ ಯೋಜನೆಯನ್ನು ಅವರು ಮೊದಲ ಸಲ ನೋಡುವುದು ಅದಕ್ಕೆ ಒಪ್ಪಿಗೆ ಕೊಡಬೇಕಾದ ದಿನ. ತಜ್ಞರು ಹೇಳಿದ್ದನ್ನೆಲ್ಲ ಒಪ್ಪಬೇಕೆಂದೂ ಇಲ್ಲ. ಲಾಭದ ವ್ಯವಹಾರ ನಡೆಸಿದವರಿಗೆ, ನಷ್ಟವಾಗುವ ಸೇವೆಯನ್ನು ನೀವೇಕೆ ನಿಲ್ಲಿಸುವುದಿಲ್ಲ ಎಂಬುದು ಒಡನೆ ಅರ್ಥವಾಗದು. ಕಾರಣ ಹೇಳಿ, ಇದು ಆಗದು ಎನ್ನಿ. ಒಳ್ಳೆಯ ಮಾರ್ಗದರ್ಶಕರು ಅದಕ್ಕೆ ಬೇಸರಪಡುವುದಿಲ್ಲ.

ಅರ್ಜಿಗೇ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನೂ ತೂಗಿ ನೋಡಿ. ಮೇಲೆ ಹೇಳಿದ ಯೀಲ್ಡ್ ಗಿವಿಂಗ್ ಕರೆಗೆ ಬಂದ ಅರ್ಜಿ 6,353. 2024ರ ಮಾರ್ಚ್‌ನಲ್ಲಿ ಹಣ ಸಿಕ್ಕಿದ್ದು 361 ಸಂಸ್ಥೆಗಳಿಗೆ, ಅಂದರೆ ಸುಮಾರು 18ಕ್ಕೆ ಒಂದು. ಅದೂ ಮೊದಲು ಅಂದುಕೊಂಡದ್ದು 250, ಆಮೇಲೆ ಹೆಚ್ಚಿಸಿದ್ದು. ಒಂದು ಅರ್ಜಿಗೆ ನಲವತ್ತು ಗಂಟೆ ಹಿಡಿದರೆ, ಹದಿನೆಂಟರಲ್ಲಿ ಹದಿನೇಳು ಸಂಸ್ಥೆಗಳ ಆ ನಲವತ್ತು ಗಂಟೆಗೆ ಹಣ ಹುಟ್ಟಲಿಲ್ಲ. ಹಾಗಾಗಿ, ಸೋತರೂ ಉಪಯೋಗಕ್ಕೆ ಬರುವಂತೆ ಬರೆಯುವುದು ಜಾಣತನ. ಸವಾಲಿನ ಬಗ್ಗೆ ಮೇಲಿನ ಮಾದರಿಯಲ್ಲಿ ಬರೆದ ವಾಕ್ಯಗಳನ್ನು ಟ್ರಸ್ಟಿಗಳ ಮುಂದಿನ ಸಭೆಯಲ್ಲಿ ಓದಿ, ಎಲ್ಲರೂ ಒಪ್ಪಿದ ಮೇಲೆ ನಡಾವಳಿಯಲ್ಲಿ ಸೇರಿಸಿ, ಆಮೇಲೆ ಅರ್ಜಿಗೆ ಹಾಕಿ. ಶಾರ್ಟ್‌ಲಿಸ್ಟ್ ಆದರೆ ಸಂದರ್ಶನದಲ್ಲಿ ನಿರ್ದೇಶಕಿ ಒಂದು, ಅಧ್ಯಕ್ಷರು ಇನ್ನೊಂದು ಹೇಳುವ ಫಜೀತಿ ತಪ್ಪುತ್ತದೆ. ಆಗದಿದ್ದರೆ ಅಭಿಪ್ರಾಯ ಕೇಳಿ ಒಂದು ಪತ್ರ ಬರೆಯಿರಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಕೊಟ್ಟವರದ್ದನ್ನು ಜೋಪಾನ ಮಾಡಿ. ಮರುವರ್ಷದ ಅರ್ಜಿಯಲ್ಲಿ 'ಶೇ. 70 ಇದ್ದದ್ದು 62 ಆಗಿದೆ' ಎಂದು ಬರೆಯುವಂತಾದರೆ, ಆ ಕಾಲಂ ತುಂಬಲು ನಿಮಗೆ ಯಾರ ಸಲಹೆಯೂ ಬೇಕಾಗುವುದಿಲ್ಲ.